ಕಣ್ಣಿಗೂ ಒಂದು ಹದ ಉಂಟು

ರೋಹಿಣಿ ಮಳೆ ಬಿದ್ದು ನೆಲ ಹದಕ್ಕೆ ಬಂತೆಂದರೆ ನಮ್ಮ ರೈತ ಮನೆಯಲ್ಲಿ ಕೂರುವುದಿಲ್ಲ. ಮಗಳ ಮದುವೆಯ ಮಾತುಕತೆ ಇದ್ದರೂ ಎಂಟು ದಿನ ಮುಂದಕ್ಕೆ ಹಾಕುತ್ತಾನೆ. ಕೂರಿಗೆ ಹೂಡುತ್ತಾನೆ. ಹದ ತಪ್ಪಿದ ಮೇಲೆ ಎಂಥ ಬೀಜ ಬಿತ್ತಿದರೂ, ಎಷ್ಟು ಗೊಬ್ಬರ ಹಾಕಿದರೂ ಬೆಳೆ ಅಷ್ಟಕ್ಕಷ್ಟೇ. ಹಾನಗಲ್ಲಿನ ಭತ್ತದವರಿಗೆ, ಹಿರೇಕೆರೂರಿನ ಗೋವಿನಜೋಳದವರಿಗೆ, ಶಿಗ್ಗಾವಿಯ ಹತ್ತಿಯವರಿಗೆ, ಸವಣೂರಿನ ಎಲೆಬಳ್ಳಿ ತೋಟದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ನನಗೇ ಇದನ್ನು ಹೇಳಿಕೊಟ್ಟವರು ಅವರು.

ಕಣ್ಣಿಗೂ ಅಂಥದೇ ಹದ ಉಂಟು. ಈ ಹೊತ್ತು ನಾನು ಹೇಳಬಂದಿರುವುದು ಅದೊಂದೇ ಮಾತು. ಔಷಧ ಇದೆ. ಶಸ್ತ್ರಚಿಕಿತ್ಸೆ ಇದೆ. ಬಹಳ ಕಡೆ ಖರ್ಚಿಲ್ಲದೆಯೂ ಸಿಗುತ್ತದೆ. ಆದರೂ ಕಣ್ಣು ಹೋಗುತ್ತಲೇ ಇವೆ. ಅದರಲ್ಲಿ ಎಷ್ಟೋ ಹೋಗುವುದು ಬರೀ ಹದ ತಪ್ಪಿದ್ದರಿಂದ.

ನಾನು ಒಂದು ವೈದ್ಯಕೀಯ ಕಾಲೇಜಿನ ನೇತ್ರ ವಿಭಾಗದಲ್ಲಿ ಕಲಿತವನು. ಆಮೇಲೆ ಅಂಥದೇ ವಿಭಾಗದಲ್ಲಿ ಬಹಳ ವರ್ಷ ಕಲಿಸಿದವನು. ವಾರಕ್ಕೊಮ್ಮೆ ಕಣ್ಣಿನ ತಪಾಸಣೆಗೆಂದು ನಮ್ಮ ವ್ಯಾನು ಬೆಂಗಳೂರು ಹೆದ್ದಾರಿ ಹಿಡಿದು ಹೊರಡುತ್ತಿತ್ತು. ಒಂದು ವಾರ ಶಿಗ್ಗಾವಿ ಕಡೆ. ಇನ್ನೊಂದು ವಾರ ಸವಣೂರು. ಮತ್ತೊಂದು ವಾರ ಹಾನಗಲ್ಲು, ಹಿರೇಕೆರೂರು. ಈ ನಾಲ್ಕೂ ತಾಲ್ಲೂಕು 1997ರ ತನಕ ಧಾರವಾಡ ಜಿಲ್ಲೆಯಲ್ಲೇ ಇದ್ದವು. ಆ ವರ್ಷ ಹಾವೇರಿ ಜಿಲ್ಲೆ ಆಯಿತು. ಜಿಲ್ಲೆ ಬೇರೆಯಾದರೂ ಕಣ್ಣಿನ ದಾರಿ ಹುಬ್ಬಳ್ಳಿ–ಧಾರವಾಡದ ಕಡೆಗೇ ಉಳಿಯಿತು. ಹುಬ್ಬಳ್ಳಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾದದ್ದು 1957ರಲ್ಲಿ. ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ವೈದ್ಯಕೀಯ ಕಾಲೇಜು ಬಂದದ್ದು 2003ರಲ್ಲಿ. ಈಗ ಹಾವೇರಿಗೇ ಒಂದು ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಇದು ಸಣ್ಣ ಮಾತಲ್ಲ. ಶಿಗ್ಗಾವಿಯಿಂದ ಹುಬ್ಬಳ್ಳಿಗೆ ಸುಮಾರು 50 ಕಿಲೋಮೀಟರ್. ಹಿರೇಕೆರೂರಿನಿಂದ 100ರ ಮೇಲೆ. ಕಣ್ಣು ಮಂಜಾದವರು ಈ ದೂರವನ್ನು ಅಳೆಯುವ ಕೋಲೇ ಬೇರೆ. ಜೊತೆಗೆ ಯಾರು ಬರುತ್ತಾರೆ, ಅವರ ಒಂದು ದಿನದ ಪಗಾರ ಎಷ್ಟು ಹೋಗುತ್ತದೆ, ಮನೆಯಲ್ಲಿ ಎಮ್ಮೆ ಹಿಂಡುವವರು ಯಾರು. ಅವರ ಲೆಕ್ಕ ಇದು.

ಮೊದಲು ಪೊರೆಯಿಂದ ಶುರು ಮಾಡುತ್ತೇನೆ. ದೇಶದಲ್ಲಿ 2015ರಿಂದ 2019ರ ತನಕ ದೊಡ್ಡದೊಂದು ಸಮೀಕ್ಷೆ ನಡೆಯಿತು. ಐವತ್ತು ದಾಟಿದವರಲ್ಲಿ ಕಣ್ಣು ಕಾಣದವರ ಲೆಕ್ಕ ತೆಗೆದರು. ಮೂರು ಪಾಲಿನಲ್ಲಿ ಎರಡು ಪಾಲು ಜನಕ್ಕೆ ಕಾರಣ ಪೊರೆಯೇ. ಪೊರೆ ತೆಗೆದರೆ ಹೆಚ್ಚಿನವರಿಗೆ ಮತ್ತೆ ಕಾಣುತ್ತದೆ. ಅಂದರೆ ಅಷ್ಟು ಜನ ಕತ್ತಲಲ್ಲಿ ಕೂತಿರುವುದು ಕೂರಬೇಕಾಗಿಲ್ಲದ ಕತ್ತಲಲ್ಲಿ.

ಪೊರೆ ಎಂದರೆ ಏನು? ರೇಡಿಯೋದಲ್ಲಿ ಚಿತ್ರ ತೋರಿಸಲು ಬರುವುದಿಲ್ಲ. ಹಾಗಾಗಿ ನೀವು ಊಹಿಸಿಕೊಳ್ಳಿ. ಕಣ್ಣುಗುಡ್ಡೆಯ ಮುಂದೆ ಕೈಗಡಿಯಾರದ ಗಾಜಿನಂಥ ಒಂದು ಪದರ. ಅದು ಪಾರಪಟಲ. ಅದರ ಹಿಂದೆ ಅವರೆಕಾಳಿನಷ್ಟು ದೊಡ್ಡ, ಹನಿ ನೀರಿನಷ್ಟು ತಿಳಿಯಾದ ಒಂದು ಮಸೂರ. ವಯಸ್ಸಾದಂತೆ ಆ ಮಸೂರ ಮಸುಕಾಗುತ್ತದೆ. ತಿಳಿನೀರಿಗೆ ಮಜ್ಜಿಗೆ ಬಿದ್ದ ಹಾಗೆ. ಅದೇ ಪೊರೆ. ಹೊರಗಿನಿಂದ ಬಂದು ಕೂತದ್ದಲ್ಲ. ಕಣ್ಣಿಗೆ ಹನಿ ಹಾಕಿ ಕರಗಿಸುವಂಥದೂ ಅಲ್ಲ.

ಹಾನಗಲ್ ತಾಲ್ಲೂಕಿನ ಒಂದು ಹಳ್ಳಿ. ಶಾಲೆಯ ಕೋಣೆಯಲ್ಲಿ ತಪಾಸಣೆ ನಡೆದಿತ್ತು. ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜಿ ಬಾಗಿಲ ಚೌಕಟ್ಟು ಸವರಿಕೊಂಡು ಒಳಗೆ ಬಂದರು. ಟಾರ್ಚು ಬಿಟ್ಟು ನೋಡಿದೆ. ಎರಡೂ ಕಣ್ಣಿನ ನಡುವೆ ಅದೇ ಮಜ್ಜಿಗೆ ಬಣ್ಣ.

"ಯವ್ವಾ, ಹಿಂಗಾಗಿ ಎಷ್ಟು ದಿನಾ ಆತು?"

"ಮೂರು ಮಳಿಗಾಲ ಆದ್ವು ನೋಡಪಾ."

"ಮತ್ತ ತೋರ್ಸಲಿಲ್ಲ ಯಾಕ?"

"ಪೊರಿ ಇನ್ನಾ ಮಾಗಿಲ್ಲ ಅಂದ್ರು. ಮಾಗ್ಲಿ ಅಂತ ಕುಂತೆ."

ಈ ಮಾತನ್ನು ನಾನು ನೂರಾರು ಬಾಯಲ್ಲಿ ಕೇಳಿದ್ದೇನೆ. ಹಾಗಂದವರನ್ನು ನಾನು ದೂರುವುದಿಲ್ಲ. ಒಂದು ಕಾಲಕ್ಕೆ ಡಾಕ್ಟರುಗಳೇ ಹಾಗೆ ಹೇಳುತ್ತಿದ್ದರು, ಮತ್ತು ಆಗ ಅದು ಸರಿಯಾದ ಮಾತೇ ಆಗಿತ್ತು. ಆ ದಿನಗಳಲ್ಲಿ ಮಸೂರವನ್ನು ಅದರ ಚೀಲದ ಸಮೇತ ಇಡಿಯಾಗಿ ಹೊರತೆಗೆಯುತ್ತಿದ್ದರು. ದೊಡ್ಡ ಗಾಯ, ಹೊಲಿಗೆ, ದಿನಗಟ್ಟಲೆ ಅಲುಗಾಡದೆ ಮಲಗುವುದು. ಆಮೇಲೆ ಸೋಡಾಬುಡ್ಡಿ ಕನ್ನಡಕ. ಅದನ್ನು ಹಾಕಿಕೊಂಡರೆ ಹೊಸ್ತಿಲು ಹತ್ತಿರ ಬಂದಂತೆ ಕಾಣುತ್ತಿತ್ತು, ಲೋಟ ಕೈಗೆ ಸಿಗುತ್ತಿರಲಿಲ್ಲ. ಅಷ್ಟು ಕಷ್ಟಕ್ಕೆ ಇಳಿಯಬೇಕೆಂದರೆ ಪೂರ್ತಿ ಕಾಣದಾಗುವ ತನಕ ಕಾಯುವುದೇ ಲೇಸು ಎನ್ನುತ್ತಿದ್ದರು.

ಬೀಳಗಿಯಿಂದ ಬಂದ ಡಾಕ್ಟರ್ ಎಂ.ಸಿ. ಮೋದಿಯವರ ಹೆಸರನ್ನು ಹಿರಿಯರು ಈಗಲೂ ಕೈಮುಗಿದು ಹೇಳುತ್ತಾರೆ. ಊರೂರಿಗೆ ಶಿಬಿರ ಒಯ್ದು, ಒಂದೇ ದಿನದಲ್ಲಿ ನೂರಾರು ಜನರ ಪೊರೆ ತೆಗೆದ ಮಹಾನುಭಾವರು ಅವರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂತು. 2005ರಲ್ಲಿ ತೀರಿಕೊಂಡರು. ಆಸ್ಪತ್ರೆಗೆ ಬರಲಾರದವರ ಬಳಿಗೆ ಆಸ್ಪತ್ರೆಯೇ ಹೋಗಬೇಕು ಎಂಬುದನ್ನು ಈ ನಾಡಿಗೆ ಕಲಿಸಿದವರು ಅವರು. ನಮ್ಮ ವ್ಯಾನು ಓಡುವ ದಾರಿ ಅವರು ಹಾಕಿದ ದಾರಿಯೇ. ಒಂದು ವ್ಯತ್ಯಾಸ ಮಾತ್ರ ಇದೆ. ಈಗ ಊರಿನಲ್ಲಿ ನಡೆಯುವುದು ತಪಾಸಣೆ ಅಷ್ಟೇ. ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಶಾಲೆಯ ಕೋಣೆಯಲ್ಲಿ ನಂಜು ತಡೆಯುವುದು ಕಷ್ಟ, ಆಪರೇಷನ್ ಥಿಯೇಟರಿನಲ್ಲಿ ಸುಲಭ.

ಹಾಗಾದರೆ ಬದಲಾದದ್ದೇನು? 1949ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಎಂಬ ನೇತ್ರವೈದ್ಯರು ಒಂದು ಸಾಹಸ ಮಾಡಿದರು. ಯುದ್ಧದಲ್ಲಿ ವಿಮಾನದ ಕಿಟಕಿ ಒಡೆದು ಪೈಲಟ್ಟುಗಳ ಕಣ್ಣಿಗೆ ಪ್ಲಾಸ್ಟಿಕ್ಕಿನ ಚೂರು ಹೊಕ್ಕಿದ್ದನ್ನು ಅವರು ಕಂಡಿದ್ದರು. ಆ ಚೂರು ವರ್ಷಗಟ್ಟಲೆ ಒಳಗಿದ್ದರೂ ಕಣ್ಣು ಕೆರಳಿರಲಿಲ್ಲ. ಅಂಥ ಪ್ಲಾಸ್ಟಿಕ್ಕಿನಿಂದಲೇ ಮಸೂರ ಮಾಡಿಸಿ ಪೊರೆ ತೆಗೆದ ಕಣ್ಣಿನೊಳಗೆ ಕೂಡಿಸಿದರು. ಮೊದಮೊದಲು ಅದು ಬಹಳ ದುಬಾರಿ. 1992ರಲ್ಲಿ ಮದುರೈಯಲ್ಲಿ ಅರೋಲ್ಯಾಬ್ ಶುರುವಾಗಿ ಈ ಮಸೂರವನ್ನು ನಮ್ಮಲ್ಲೇ ಕಡಿಮೆ ಬೆಲೆಗೆ ಮಾಡತೊಡಗಿತು. ಈಗ ಗಾಯ ಅರ್ಧ ಸೆಂಟಿಮೀಟರಿನ ಆಸುಪಾಸು. ಸಾಮಾನ್ಯವಾಗಿ ಹೊಲಿಗೆ ಬೇಡ. ಕಾಲು ಗಂಟೆಯ ಕೆಲಸ. ಸೋಡಾಬುಡ್ಡಿ ಕನ್ನಡಕ ಬೇಡ.

ಹಾಗಾಗಿ ಮಾಗುವ ತನಕ ಕಾಯುವುದು ಈಗ ತಪ್ಪು. ಹಾನಗಲ್ಲಿನ ಸೀಮೆ ಮಾವಿನ ಸೀಮೆ. ಮಾವು ಮಾಗಲಿ, ಪೊರೆ ಮಾಗುವುದು ಬೇಡ. ಮಾಗಿದ ಪೊರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ತೆಗೆಯುವಾಗ ಕಣ್ಣಿಗೆ ಏಟು ಹೆಚ್ಚು. ಕೆಲವರಿಗೆ ಅದು ಒಳಗೇ ಊದಿಕೊಂಡು, ಕಣ್ಣಿನ ಒತ್ತಡ ಏರಿ, ಒಂದು ರಾತ್ರಿಯಲ್ಲಿ ತಲೆ ಸಿಡಿಯುವ ನೋವು ಬಂದು ಕಣ್ಣೇ ಹೋಗುತ್ತದೆ. ಮೊರದಲ್ಲಿ ಅಕ್ಕಿಯ ಕಲ್ಲು ಕಾಣದಾದಾಗ, ಬಸ್ಸಿನ ಬೋರ್ಡು ಓದಲಾಗದಾದಾಗ ತೋರಿಸಬೇಕು. ಹದ ಅದು.

ಆ ಅಜ್ಜಿಯನ್ನು ಕರೆತಂದೆವು. ಜೊತೆಗೆ ಬರಲು ಮನೆಯಲ್ಲಿ ಯಾರಿಗೂ ಬಿಡುವಿರಲಿಲ್ಲ. ಊರಿನ ಆಶಾ ಕಾರ್ಯಕರ್ತೆಯೇ ಬಂದರು. ಮರುದಿನ ಪಟ್ಟಿ ಬಿಚ್ಚಿದಾಗ ಅಜ್ಜಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಮೊಣಕೈ ಮಡಚಿ ತಮ್ಮ ಮುಂಗೈಯನ್ನು ಕಣ್ಣಿನ ಹತ್ತಿರ ತಂದುಕೊಂಡರು. ಅಲ್ಲಿ ಹಸಿರು ಹಚ್ಚೆ. ಮದುವೆಗೆ ಮೊದಲು ತವರಿನಲ್ಲಿ ಹಾಕಿಸಿಕೊಂಡದ್ದಂತೆ. ಅದರ ಚುಕ್ಕೆಗಳನ್ನು ಬೆರಳಿಟ್ಟು ಒಂದೊಂದಾಗಿ ಎಣಿಸಿದರು. "ಎಲ್ಲಾ ಅದಾವು" ಅಂದರು.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಮನೆಯ ಯಜಮಾನನ ಕಣ್ಣು ಮಂಜಾದರೆ ಆರು ತಿಂಗಳಲ್ಲಿ ಆಸ್ಪತ್ರೆಗೆ ಬರುತ್ತಾರೆ. ಹೆಣ್ಣುಮಕ್ಕಳು ಬರುವುದು ಮೂರನೆಯ ವರ್ಷಕ್ಕೆ. ಒಲೆಯ ಜಾಗ ಕೈಗೆ ಗೊತ್ತು, ಹಿಟ್ಟಿನ ಡಬ್ಬಿ ಕೈಗೆ ಗೊತ್ತು, ಹಾಗೇ ನಡೆಸಿಕೊಂಡು ಹೋಗುತ್ತಾರೆ. ನಡೆಸಿಕೊಂಡು ಹೋಗುತ್ತಾರೆಂದು ಮನೆಯವರೂ ಸುಮ್ಮನಿರುತ್ತಾರೆ. ಇದು ನನಗೆ ಬಹಳ ನೋವಿನ ವಿಷಯ. ಕೇಳುತ್ತಿರುವ ಗಂಡಸರು ಇವತ್ತು ರಾತ್ರಿ ಊಟಕ್ಕೆ ಕೂತಾಗ ತಾಯಿಯನ್ನೋ ಅತ್ತೆಯನ್ನೋ ಒಂದು ಕಣ್ಣು ಮುಚ್ಚಿಕೊಂಡು ಇನ್ನೊಂದರಿಂದ ನಿಮ್ಮ ಬೆರಳು ಎಣಿಸಲು ಹೇಳಿ. ಆಮೇಲೆ ಆ ಕಣ್ಣು ಮುಚ್ಚಿ ಮೊದಲಿನದರಿಂದ.

ಕಾಲೇಜಿನ ಆಸ್ಪತ್ರೆ ಎಂದರೆ ಕೆಲವರಿಗೆ ಅಳುಕು ಇರುತ್ತದೆ. "ಕಲಿಯೋ ಹುಡುಗ್ರ ಕೈಯಾಗ ನನ್ನ ಕಣ್ಣು ಕೊಡ್ತೀರೇನ್ರಿ?" ಎಂದು ಒಬ್ಬರು ನೇರವಾಗಿ ಕೇಳಿದ್ದರು. ಕೇಳಿದ್ದು ಒಳ್ಳೆಯದಾಯಿತು. ಕಲಿಯುವ ಡಾಕ್ಟರು ಮೊದಲು ಕೈಹಚ್ಚುವುದು ಆಡಿನ ಕಣ್ಣಿಗೆ. ಕಟುಕರ ಅಂಗಡಿಯಿಂದ ಬೆಳಗ್ಗೆ ತಂದ ಕಣ್ಣು. ಅದನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿಯುವುದು, ಬಿಚ್ಚುವುದು, ಮತ್ತೆ ಹೊಲಿಯುವುದು. ತಿಂಗಳುಗಟ್ಟಲೆ. ಆಮೇಲೆ ಮನುಷ್ಯರ ಕಣ್ಣಿನಲ್ಲಿ ಒಂದೊಂದೇ ಹಂತ, ಪಕ್ಕದಲ್ಲಿ ಗುರು ಕೂತಿರುವಾಗ. ನಾನೂ ಹಾಗೇ ಕಲಿತದ್ದು. ನಾನು ಕಲಿಸಿದವರು ಈಗ ಬೇರೆ ಬೇರೆ ತಾಲ್ಲೂಕಿನ ಆಸ್ಪತ್ರೆಗಳಲ್ಲಿದ್ದಾರೆ. ಅವರು ಅಲ್ಲಿ ಇರುವುದರಿಂದಲೇ ಎಷ್ಟೋ ಜನಕ್ಕೆ ಹುಬ್ಬಳ್ಳಿಯ ಬಸ್ಸು ಹತ್ತುವುದು ತಪ್ಪಿದೆ.

ಇಷ್ಟು ಹೊತ್ತು ಪೊರೆಯ ಮಾತಾಯಿತು. ಪೊರೆಯ ಹದ ತಿಂಗಳ ಲೆಕ್ಕದ್ದು. ಈ ತಿಂಗಳಲ್ಲದಿದ್ದರೆ ಮುಂದಿನ ತಿಂಗಳು, ಸುಗ್ಗಿ ಮುಗಿದ ಮೇಲೆ, ಹೀಗೆ ಸ್ವಲ್ಪ ಆಚೀಚೆ ಆದೀತು. ಈಗ ಹೇಳುವುದು ಗಂಟೆಯ ಲೆಕ್ಕದ್ದು.

ಹಿರೇಕೆರೂರು ತಾಲ್ಲೂಕಿನಲ್ಲಿ ಗೋವಿನಜೋಳ ಆಳೆತ್ತರ ಬೆಳೆಯುತ್ತದೆ. ಸಾಲಿನ ನಡುವೆ ನಡೆದವರಿಗೆ ಗೊತ್ತು, ಅದರ ಎಲೆಯ ಅಂಚು ಗರಗಸದ ಹಾಗೆ. ಒಬ್ಬ ಕೂಲಿಕಾರ ತೆನೆ ಮುರಿಯುವಾಗ ಎಲೆ ಕಣ್ಣಿಗೆ ಬಡಿಯಿತು. ನೀರು ಬಂತು. ಚುಚ್ಚತೊಡಗಿತು. ಪಕ್ಕದವರು ನಾಲಿಗೆಯಿಂದ ಕಸ ತೆಗೆದರು. ಮನೆಯಲ್ಲಿ ಎದೆಹಾಲು ಹಿಂಡಿಸಿದರು. ಮೂರನೆಯ ದಿನ ಅಂಗಡಿಯಿಂದ ಒಂದು ಹನಿ ಔಷಧ ತಂದು ಹಾಕಿದರು. ಆ ಹನಿಯಲ್ಲಿ ಸ್ಟೀರಾಯ್ಡ್ ಇತ್ತು. ಎರಡು ದಿನ ಕೆಂಪು ಇಳಿಯಿತು, ನೋವು ಕಡಿಮೆಯಾಯಿತು. ಅವನು ಮತ್ತೆ ಹೊಲಕ್ಕೆ ಹೋದ. ಹನ್ನೆರಡನೆಯ ದಿನ ನಮ್ಮಲ್ಲಿಗೆ ಬಂದಾಗ ಕರಿಗುಡ್ಡೆಯ ನಡುವೆ ಕಡಲೆಬೇಳೆಯಷ್ಟು ಬಿಳಿ ಹುಣ್ಣು. ಅಂಚು ಹಕ್ಕಿಯ ಪುಕ್ಕದಂತೆ ಹರಡಿತ್ತು.

ಇಂಥಲ್ಲಿ ನೇತ್ರ ವಿಭಾಗದ ಕೆಲಸ ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ. ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ಸಣ್ಣ ಅಲಗಿನಿಂದ ಹುಣ್ಣಿನ ಅಂಚನ್ನು ನಯವಾಗಿ ಕೆರೆಯುತ್ತೇವೆ. ಸಾಸಿವೆಯಷ್ಟೂ ಬರುವುದಿಲ್ಲ. ಅದನ್ನು ಗಾಜಿನ ತುಣುಕಿಗೆ ಸವರಿ, ಒಂದು ಕ್ಷಾರದ ಹನಿ ಬಿಟ್ಟು, ಮೈಕ್ರೋಸ್ಕೋಪಿನಲ್ಲಿ ನೋಡುತ್ತೇವೆ. ಸ್ವಲ್ಪ ಹೊತ್ತಿನಲ್ಲಿ ಉತ್ತರ ಸಿಗುತ್ತದೆ. ಅವನ ಗಾಜಿನಲ್ಲಿ ಕವಲೊಡೆದ ಎಳೆಗಳು ಕಂಡವು, ಹುಲ್ಲಿನ ಬೇರಿನ ಹಾಗೆ. ಬೂಷ್ಟು. ಶಿಲೀಂಧ್ರ. ಹಸಿ ಜೋಳದ ಮೇಲೆ, ಕೊಳೆತ ಸೊಪ್ಪಿನ ಮೇಲೆ ಬೆಳೆಯುವ ಆ ಬೂಷ್ಟೇ ಕಣ್ಣಿನಲ್ಲಿ ಬೇರು ಬಿಟ್ಟಿತ್ತು. ಸ್ಟೀರಾಯ್ಡ್ ಹನಿ ಅದಕ್ಕೆ ಗೊಬ್ಬರ ಹಾಕಿದಂತೆ. ಬೂಷ್ಟಿಗೆ ಬೇರೆಯೇ ಔಷಧ. ಹಗಲು ರಾತ್ರಿ ಗಂಟೆಗೊಮ್ಮೆ ಹಾಕಬೇಕು. ವಾರಗಟ್ಟಲೆ. ಅವನ ಹೆಂಡತಿ ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಂಡು ವಾರ್ಡಿನಲ್ಲಿ ಹಾಗೇ ಹಾಕಿದರು. ಕಣ್ಣುಗುಡ್ಡೆ ಉಳಿಯಿತು. ನೋಟ ಉಳಿಯಲಿಲ್ಲ. ನಮ್ಮ ಕಡೆ ಹೂಗಣ್ಣು ಅನ್ನುತ್ತಾರಲ್ಲ, ಅದು.

ಅವನು ಹನ್ನೆರಡನೆಯ ದಿನ ಬಂದ. ಹದ ಎಷ್ಟು ಗಂಟೆಯದು ಗೊತ್ತೇ? ನೇಪಾಳದ ಭಕ್ತಪುರದಲ್ಲಿ ಇದನ್ನು ಅಳೆದು ನೋಡಿದ್ದಾರೆ. 2001ರಲ್ಲಿ ಪ್ರಕಟವಾದ ಅಧ್ಯಯನ ಅದು. ಕಣ್ಣು ತರಚಿದ ಸುಮಾರು 450 ಜನರಿಗೆ ಹಳ್ಳಿಯ ಆರೋಗ್ಯ ಕಾರ್ಯಕರ್ತರೇ ಆಂಟಿಬಯಾಟಿಕ್ ಮುಲಾಮು ಹಾಕಿದರು. ದಿನಕ್ಕೆ ಮೂರು ಸಲ, ಮೂರು ದಿನ. ಪೆಟ್ಟು ಬಿದ್ದ 18 ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ತಡವಾಗಿ ಬಂದಷ್ಟೂ ಹುಣ್ಣಾದವರು ಹೆಚ್ಚು. ಕೆಲವೇ ರೂಪಾಯಿಯ ಮುಲಾಮು, ಹದಿನೆಂಟು ಗಂಟೆ. ನನ್ನ ಇಡೀ ವೃತ್ತಿಯಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ದೊಡ್ಡ ಫಲ ಬರುವ ಇನ್ನೊಂದು ಕೆಲಸ ನಾನು ಕಂಡಿಲ್ಲ. ಹೊಲದಲ್ಲಿ ಕಣ್ಣಿಗೆ ಪೆಟ್ಟು ಬಿದ್ದರೆ ಆ ದಿನವೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ನಾಲಿಗೆ ಬೇಡ, ಎದೆಹಾಲು ಬೇಡ, ಸೊಪ್ಪಿನ ರಸ ಬೇಡ. ಅಂಗಡಿಯಲ್ಲಿ ಕೇಳಿ ತಂದ ಹನಿ ಖಂಡಿತ ಬೇಡ.

ಪೊರೆಗೆ ತಿಂಗಳು, ಹೊಲದ ಗಾಯಕ್ಕೆ ಗಂಟೆ. ಸುಣ್ಣಕ್ಕೆ ನಿಮಿಷವೂ ಹೆಚ್ಚು.

ಸವಣೂರಿನ ಎಲೆಗೆ ದೊಡ್ಡ ಹೆಸರು. ಎಲೆ ಇದ್ದಲ್ಲಿ ಸುಣ್ಣ ಇರಲೇಬೇಕು. ಈಗ ಸುಣ್ಣ ಪುಟ್ಟ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಕೂಸಿನ ಕೈಗೆ ಸಿಕ್ಕರೆ ಹಿಚುಕುತ್ತದೆ, ಬಾಯಿ ಒಡೆದು ಚಿಮ್ಮಿದರೆ ನೇರ ಕಣ್ಣಿಗೆ. ಸುಣ್ಣ ಕಣ್ಣನ್ನು ಸುಡುತ್ತ ಒಳಗೆ ಇಳಿಯುತ್ತಲೇ ಹೋಗುತ್ತದೆ. ಆಗ ಯಾರನ್ನೂ ಕೇಳಬೇಡಿ, ಗಾಡಿ ಹುಡುಕಬೇಡಿ. ಕೊಡದಲ್ಲಿರುವ ನೀರನ್ನೇ ಸುರಿಯಿರಿ. ರೆಪ್ಪೆ ಬಿಡಿಸಿ ಒಳಗಿನ ಕಣ ತೊಳೆದು ಹೋಗುವಂತೆ ಅರ್ಧ ಗಂಟೆ ಸುರಿಯಿರಿ. ಕೂಸು ಅಳುತ್ತದೆ, ಅಳಲಿ. ಆಮೇಲೆ ಆಸ್ಪತ್ರೆ.

ಇಲ್ಲಿ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ಸತ್ತವರ ಅಥವಾ ಬೇರೆಯವರ ಪಾರಪಟಲವನ್ನು ಇನ್ನೊಬ್ಬರಿಗೆ ಹಾಕುವ ಕೆಲಸ ಮೊದಲ ಬಾರಿ ಕೈಗೂಡಿದ್ದು 1905ರಲ್ಲಿ, ಇಂದಿನ ಚೆಕ್ ದೇಶದ ಓಲೊಮೌಟ್ಸ್ ಊರಿನಲ್ಲಿ. ಮಾಡಿದವರು ಎಡ್ವರ್ಡ್ ಜಿರ್ಮ್. ನೋಟ ಮರಳಿ ಪಡೆದವನು ಒಬ್ಬ ಕೂಲಿಕಾರ. ಅವನ ಕಣ್ಣು ಹೋದದ್ದೂ ಸುಣ್ಣ ಬಿದ್ದೇ.

ಈಗ ಮಕ್ಕಳ ಮಾತು. ಹಾನಗಲ್ಲು ತಾಲ್ಲೂಕು ಕಣ್ಣಿನ ವಿಷಯದಲ್ಲಿ ಒಂದು ದೊಡ್ಡ ಕಥೆ ಇಟ್ಟುಕೊಂಡಿದೆ. ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಕಣ್ಣು ಕಾಣದ ಒಂದು ಕೂಸು ಹುಟ್ಟಿತು. ಹಾನಗಲ್ಲಿನ ಕುಮಾರ ಸ್ವಾಮಿಗಳು ಕೈಹಿಡಿದರು. ಆ ಕೂಸೇ ಗಾನಯೋಗಿ ಪಂಚಾಕ್ಷರಿ ಗವಾಯಿಗಳು. ಅದೇ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ, ಎಳೆಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು ಪುಟ್ಟರಾಜ ಗವಾಯಿಗಳು. ಗದಗಿನ ವೀರೇಶ್ವರ ಪುಣ್ಯಾಶ್ರಮ ಇವರಿಬ್ಬರಿಂದ ಎಷ್ಟೋ ಅಂಧ ಮಕ್ಕಳಿಗೆ ತವರಾಯಿತು. ನಾನು ಆ ಆಶ್ರಮದ ಮೆಟ್ಟಿಲಿಗೆ ಹಣೆ ಹಚ್ಚಿ ಬಂದವನು. ಕಾಣದ ಕಣ್ಣು ಬಾಳನ್ನು ಸಣ್ಣದು ಮಾಡಲಾರದು ಎಂದು ಅವರು ತೋರಿಸಿದರು. ಆದರೆ ಆ ಕಾಲಕ್ಕೆ ಇರದ ಚಿಕಿತ್ಸೆ ಈಗ ಇದೆ. ಈಗಲೂ ಒಂದು ಮಗು ತಪ್ಪಿಸಬಹುದಾದ ಕುರುಡಿಗೆ ಬಿದ್ದರೆ ಆ ಹೊಣೆ ನಮ್ಮದು.

ದಿನ ತುಂಬುವ ಮೊದಲೇ ಹುಟ್ಟಿದ ಕೂಸು, ಎರಡು ಕಿಲೋಗಿಂತ ಕಡಿಮೆ ತೂಕದ ಕೂಸು. ಇವುಗಳ ಕಣ್ಣಿನ ಹಿಂಪರದೆಯ ರಕ್ತನಾಳ ಇನ್ನೂ ಬೆಳೆದಿರುವುದಿಲ್ಲ. ಕೆಲವು ಕೂಸುಗಳಲ್ಲಿ ಅದು ಅಡ್ಡಾದಿಡ್ಡಿ ಬೆಳೆದು ಪರದೆಯನ್ನೇ ಕಿತ್ತುಬಿಡುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹುಟ್ಟಿದ ಮೂವತ್ತು ದಿನದೊಳಗೆ ನೇತ್ರತಜ್ಞರು ನೋಡಬೇಕು. ಬೇಕಾದರೆ ಲೇಸರ್ ಮಾಡಬೇಕು. ಆಮೇಲೆ ಬಂದರೆ ಕೈ ಮೀರಿರುತ್ತದೆ. ಇಲ್ಲಿ ನಮ್ಮ ರೂಢಿ ಅಡ್ಡ ಬರುತ್ತದೆ. ತಿಂಗಳು ತುಂಬುವ ತನಕ ಬಾಣಂತಿ, ಕೂಸು ಹೊಸ್ತಿಲು ದಾಟಬಾರದು ಎನ್ನುತ್ತಾರೆ. ಬಾಣಂತನದ ಅಜ್ಜಿಯರಿಗೆ ಕೈಮುಗಿದು ಕೇಳುತ್ತೇನೆ. ದಿನ ತುಂಬದ ಕೂಸಾದರೆ ಈ ಒಂದು ಸಲ ದಾಟಿಸಿ. ಬೆಚ್ಚಗೆ ಸುತ್ತಿ ದಾಟಿಸಿ. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಿಂದ ಕ್ಯಾಮೆರಾವನ್ನೇ ಊರೂರಿನ ಆಸ್ಪತ್ರೆಗೆ ಒಯ್ದು, ಕೂಸಿನ ಕಣ್ಣಿನ ಚಿತ್ರ ತೆಗೆದು, ದೂರದ ತಜ್ಞರಿಗೆ ಕಳಿಸಿ ನೋಡಿಸುವ ವ್ಯವಸ್ಥೆ ಮಾಡಿದರು. ಕೂಸು ಬರದಿದ್ದರೆ ಕ್ಯಾಮೆರಾ ಹೋಗಲಿ ಎಂದು.

ಮೆಳ್ಳೆಗಣ್ಣು ಅದೃಷ್ಟ ಎನ್ನುವವರಿದ್ದಾರೆ. ಹಾಗೆಂದು ಬಿಟ್ಟರೆ ಓರೆಯಾದ ಕಣ್ಣನ್ನು ಮಿದುಳು ಬಳಸುವುದನ್ನೇ ಬಿಟ್ಟುಬಿಡುತ್ತದೆ. ಏಳೆಂಟು ವರ್ಷದೊಳಗೆ ಕನ್ನಡಕವೋ ಪಟ್ಟಿಯೋ ಕೊಟ್ಟರೆ ಮರಳಿ ಬರುವ ಸಾಧ್ಯತೆ ಬಹಳ. ಹದಿನೆಂಟಕ್ಕೆ ಮದುವೆ ಗೊತ್ತಾದಾಗ ಕರೆತಂದರೆ ಕಣ್ಣು ನೆಟ್ಟಗೆ ಮಾಡಬಹುದು. ನೋಟ ತರುವುದು ಬಹಳ ಕಷ್ಟ.

ತಿಂಗಳು, ಗಂಟೆ, ನಿಮಿಷ, ಕೂಸಿನ ಮೂವತ್ತು ದಿನ. ಇವೆಲ್ಲಕ್ಕೂ ಒಂದು ಗುರುತಾದರೂ ಉಂಟು, ನೋವೋ ಮಂಜೋ ತೂಕವೋ. ಗುರುತೇ ಇಲ್ಲದ್ದು ಒಂದಿದೆ. ಅದು ಗ್ಲಾಕೋಮಾ. ಅದರ ಬಗ್ಗೆ ನನ್ನದೇ ತಪ್ಪೊಂದನ್ನು ಹೇಳಬೇಕು.

ಕೆಲಸಕ್ಕೆ ಸೇರಿದ ಹೊಸತು. ಸವಣೂರಿನ ಕಡೆಯ ಒಬ್ಬ ಟೇಲರು ಬಂದಿದ್ದರು. ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ, ಚಾಳೀಸು ಬೇಕು ಎಂದರು. ಕಣ್ಣಿನ ಒತ್ತಡ ಹೆಚ್ಚಿತ್ತು. ಹನಿ ಬರೆದುಕೊಟ್ಟೆ, ತಿಂಗಳು ಬಿಟ್ಟು ಬನ್ನಿ ಎಂದೆ. ಹೊರಗೆ ಸಾಲು ಉದ್ದ ಇತ್ತು. ಎರಡು ನಿಮಿಷದಲ್ಲಿ ಕಳಿಸಿದೆ. ಅವರು ಒಂದು ಬಾಟಲಿ ಹಾಕಿಕೊಂಡರು. ನೋವು ಮೊದಲೂ ಇರಲಿಲ್ಲ, ಆಮೇಲೂ ಇರಲಿಲ್ಲ. ಕಾಣುವುದು ಮೊದಲಿನಷ್ಟೇ. ನಿಲ್ಲಿಸಿದರು. ನಾಲ್ಕು ವರ್ಷದ ಮೇಲೆ ಮತ್ತೆ ಬಂದಾಗ ಬಾಗಿಲಿಗೆ ಭುಜ ತಗುಲಿಸಿಕೊಂಡೇ ಒಳಗೆ ಬಂದರು. ಎದುರಿಗಿರುವುದು ಮಾತ್ರ ಕಾಣುತ್ತಿತ್ತು, ಊದುಗೊಳವೆಯೊಳಗಿಂದ ನೋಡಿದಂತೆ. ಸುತ್ತಲಿನದು ಹೋಗಿತ್ತು. ಗ್ಲಾಕೋಮಾದಲ್ಲಿ ಹೋದದ್ದು ಮರಳುವುದಿಲ್ಲ. "ಈ ಹನಿ ಜೀವಮಾನವೆಲ್ಲ ಹಾಕಬೇಕು, ಗುಣ ಕಾಣದಿದ್ದರೂ ಹಾಕಬೇಕು, ಇದು ಇದ್ದದ್ದನ್ನು ಉಳಿಸಲು" ಎಂದು ನಾನು ಹೇಳಿರಲಿಲ್ಲ. ಆ ಮೂರು ಮಾತಿಗೆ ಅರ್ಧ ನಿಮಿಷ ಸಾಕಿತ್ತು. ಅಂದಿನಿಂದ ನನ್ನ ವಿದ್ಯಾರ್ಥಿಗಳಿಗೆ ಈ ಕಥೆಯನ್ನು ಪ್ರತಿ ವರ್ಷ ಹೇಳಿದೆ. ನಲವತ್ತು ದಾಟಿದವರು, ಮುಖ್ಯವಾಗಿ ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇರುವವರು, ವರ್ಷಕ್ಕೊಮ್ಮೆ ಒತ್ತಡ ನೋಡಿಸಿಕೊಳ್ಳಿ. ಸಕ್ಕರೆ ಕಾಯಿಲೆ ಇದ್ದವರೂ ವರ್ಷಕ್ಕೊಮ್ಮೆ ಕಣ್ಣಿನ ಹಿಂಪರದೆ ತೋರಿಸಿ. ಇದಕ್ಕೆಲ್ಲ ಈಗ ಬಹಳ ದೂರ ಹೋಗಬೇಕಿಲ್ಲ. 2024ರ ಫೆಬ್ರವರಿಯಲ್ಲಿ ಹಾವೇರಿಯಲ್ಲೇ ರಾಜ್ಯದ ಆಶಾಕಿರಣ ದೃಷ್ಟಿ ಕೇಂದ್ರಗಳಿಗೆ ಚಾಲನೆ ಸಿಕ್ಕಿತು. ಮೊದಲ ತಪಾಸಣೆ ಅಲ್ಲೇ ಆಗುತ್ತದೆ.

ಬದುಕಿರುವವರ ಕಣ್ಣಿನ ಹದ ಹೇಳಿದೆ. ಕಡೆಯದು ತೀರಿಕೊಂಡವರದು. ಅದು ಆರು ಗಂಟೆ.

ಡಾಕ್ಟರ್ ರಾಜಕುಮಾರ್ ಅವರ ಕಣ್ಣು 2006ರಲ್ಲಿ ದಾನವಾಯಿತು. 2021ರ ಅಕ್ಟೋಬರ್ 29ರಂದು ಅವರ ಮಗ ಪುನೀತ್ ಹೋದಾಗ ಅವರ ಎರಡು ಕಣ್ಣಿನ ಪಾರಪಟಲವನ್ನು ಪದರ ಬಿಡಿಸಿ ನಾಲ್ವರಿಗೆ ಕೊಟ್ಟರು. ಆಮೇಲೆ ಹಳ್ಳಿಯ ಹುಡುಗರೂ ನೇತ್ರದಾನದ ಅರ್ಜಿ ತುಂಬಿಕೊಟ್ಟರು. ಆದರೆ ಅರ್ಜಿ ಕಣ್ಣು ಕೊಡುವುದಿಲ್ಲ. ಕೊಡುವವರು ಆ ರಾತ್ರಿ ಮನೆಯಲ್ಲಿರುವವರು.

ಶಿಗ್ಗಾವಿ ತಾಲ್ಲೂಕಿನ ಒಂದು ಊರಿನಿಂದ ರಾತ್ರಿ ಹತ್ತಕ್ಕೆ ಫೋನು ಬಂತು. ಅಪ್ಪ ಎಂಟೂವರೆಗೆ ತೀರಿಕೊಂಡರು ಎಂದು ಮಗ ಹೇಳಿದ. ನಾವು ಫೋನಿನಲ್ಲೇ ಹೇಳಿದೆವು. ರೆಪ್ಪೆ ಮುಚ್ಚಿ. ಫ್ಯಾನು ಆರಿಸಿ. ತಲೆಯಡಿ ದಿಂಬಿಡಿ. ರೆಪ್ಪೆಯ ಮೇಲೆ ಒದ್ದೆ ಹತ್ತಿ ಇಡಿ. ಇಬ್ಬರು ಕಿರಿಯ ಡಾಕ್ಟರುಗಳೊಂದಿಗೆ ನಾನೂ ಹೊರಟೆ. ಹೋಗುವಾಗ ಹಿರೇಕೆರೂರಿನ ಆ ಗೋವಿನಜೋಳದ ಕೂಲಿಕಾರನ ನೆನಪಾಯಿತು. ಪಾರಪಟಲಕ್ಕೆ ಕಾದಿರುವವರ ಪಟ್ಟಿಯಲ್ಲಿ ಅವನ ಹೆಸರು ಇನ್ನೂ ಇತ್ತು.

ನಾವು ಮುಟ್ಟಿದಾಗ ಪಡಸಾಲೆಯಲ್ಲಿ ಭಜನೆ ನಡೆದಿತ್ತು. ಶಿಶುನಾಳ ಅಲ್ಲಿಂದ ದೂರವಿಲ್ಲ. ಶರೀಫಜ್ಜನ ಪದ ಹಾಡುತ್ತಿದ್ದರು. ಒಳಕೋಣೆಯಲ್ಲಿ ತೀರಿಕೊಂಡವರ ಹೆಂಡತಿ ಬಟ್ಟಲಿನಲ್ಲಿ ನೀರಿಟ್ಟುಕೊಂಡು ಕೂತಿದ್ದರು. ಹತ್ತಿ ಒಣಗಿದಾಗೊಮ್ಮೆ ಅದ್ದಿ, ಹಿಂಡಿ, ಮತ್ತೆ ಗಂಡನ ರೆಪ್ಪೆಯ ಮೇಲೆ ಇಡುತ್ತಿದ್ದರು. ಎರಡು ತಾಸಿನಿಂದ ಹಾಗೇ ಇಟ್ಟಿದ್ದಾರೆ ಎಂದು ಮಗ ಹೇಳಿದ. ಕೆಲಸದ ನಡುವೆ ಕರೆಂಟು ಹೋಯಿತು. ನಾಲ್ಕು ಹುಡುಗರು ಮೊಬೈಲಿನ ಬೆಳಕು ಹಿಡಿದು ಅಲುಗದೆ ನಿಂತರು. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ರೆಪ್ಪೆ ಮೊದಲಿನಂತೆ ಮುಚ್ಚಿದೆವು. ಒರೆಸುವಾಗ ಹಣೆಯ ವಿಭೂತಿ ಅಳಿಸಿತ್ತು. ಆ ತಾಯಿ ಬಂದು ಮೂರು ಬೆರಳಲ್ಲಿ ಮತ್ತೆ ಹಚ್ಚಿದರು. ಆಮೇಲೆ ನಮ್ಮ ಕೈಯಲ್ಲಿದ್ದ ಐಸಿನ ಪೆಟ್ಟಿಗೆಯನ್ನು ನೋಡಿದರು.

"ಎಷ್ಟೊತ್ತಿಗೆ ಮುಟ್ತೀರಿ?"

"ಒಂದು ತಾಸು ಹಿಡೀತದ್ರಿ, ಯವ್ವಾ."

"ಹಂಗಾರ ನಿಲ್ಲಬ್ಯಾಡ್ರಿ, ಹೊಂಡ್ರಿ."